ನಾಯಿ ಸಾಯುವುದಿಲ್ಲ ಎಂದು ಬರೆದವರಿಗೆ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಯಾನಕ ಹಾಗೂ ವಿಚಿತ್ರ ಕಥೆಗಳ ಕಪಾಟಿಗೆ ನೀಲಿ ಪೆನ್ಸಿಲ್ ಹಿಡಿದು ಬರುವ ಮಾನ್ಯರೇ,

ತಮ್ಮ ಹೆಸರು, ವಯಸ್ಸು, ವಿಳಾಸ ಯಾವುದೂ ತಿಳಿಯದ ಕಾರಣ ತಮ್ಮ ಪೆನ್ಸಿಲಿಗೇ ನಮಸ್ಕಾರ ಸಲ್ಲಿಸಿ ಈ ಬಹಿರಂಗ ಪತ್ರವನ್ನು ಆರಂಭಿಸುತ್ತಿದ್ದೇನೆ. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಪೆನ್ಸಿಲಿನ ಮೊನೆಯಂತೂ ಕ್ಷೇಮವಾಗಿದೆ ಎಂಬುದಕ್ಕೆ ಕಳೆದ ತಿಂಗಳು ನನ್ನ ಕೈಗೆ ಬಂದ ಪುಸ್ತಕದ ಹದಿನಾಲ್ಕನೆಯ ಪುಟವೇ ಸಾಕ್ಷಿ. ನಾನು ಲಿಫ್ಟ್ ರಿಪೇರಿಯವನು. ಇಪ್ಪತ್ತೊಂಬತ್ತು ವರ್ಷಗಳಿಂದ ಈ ಊರಿನ ಎತ್ತರದ ಕಟ್ಟಡಗಳ ನೆತ್ತಿಯಲ್ಲಿರುವ ಮೋಟಾರು ಕೋಣೆಗಳಲ್ಲಿ ಕೂತು, ಊಟದ ಬಿಡುವಿನ ಅರ್ಧ ಗಂಟೆಯನ್ನು ಹೆದರಿಕೆಯ ಪುಸ್ತಕಗಳಿಗೆಂದೇ ಮೀಸಲಿಟ್ಟಿರುವ ಒಬ್ಬ ಸಾಮಾನ್ಯ ಓದುಗ. ಈ ಪತ್ರವನ್ನು ನೋಟಿಸ್ ಬೋರ್ಡಿನಲ್ಲಿ ಅಂಟಿಸಲು ಗ್ರಂಥಪಾಲಕಿಯವರು ಸಂತೋಷದಿಂದ ಒಪ್ಪಿದ್ದಾರೆ. ಒಪ್ಪುವಾಗ ಯಾಕೋ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿ ನಕ್ಕರು. ಅವರಿಗೆ ಮೊದಲಿನಿಂದಲೂ ಸುಮ್ಮಸುಮ್ಮನೆ ನಗುವ ಅಭ್ಯಾಸವಿದೆ.

ಅವಸರದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವೆಂದು ವೈದ್ಯರು ಕಂಡುಹಿಡಿದಿದ್ದಾರೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎಂಬ ದೂರನ್ನು ನಾನು ನನ್ನ ಕಸುಬಿನಲ್ಲಿ ಸಾವಿರ ಸಲ ಕೇಳಿದ್ದೇನೆ; ಅದಕ್ಕೆ ಲಿಫ್ಟನ್ನು ನಿಲ್ಲಿಸಿ, ‘ದುರಸ್ತಿಯಲ್ಲಿದೆ’ ಎಂಬ ಫಲಕ ತೂಗುಹಾಕಿ, ಬಾಗಿಲಿನ ದಾರಿಯನ್ನು ಒರೆಸಿ ಸರಿಮಾಡಿ ಮತ್ತೆ ಚಾಲೂ ಮಾಡುತ್ತೇವೆ ಎಂದು ವೈದ್ಯರಿಗೆ ನಾನೇ ಪಾಠ ಹೇಳಿದೆ. ‘ನಾವೂ ಅದನ್ನೇ ಮಾಡೋದು, ಸ್ವಲ್ಪ ಹೊತ್ತು ನಿಲ್ಲಿಸ್ತೀವಿ, ರಿಪೇರಿ ಮಾಡ್ತೀವಿ, ಮತ್ತೆ ಚಾಲೂ ಮಾಡ್ತೀವಿ’ ಎಂದು ಅವರು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೇಳಿಬಿಟ್ಟರು. ನಾವು ಲಿಫ್ಟ್ ನಿಲ್ಲಿಸುವ ಮುಂಚೆ ಒಳಗಿರುವವರನ್ನು ಕೆಳಗಿಳಿಸಿರುತ್ತೇವೆ ಸ್ವಾಮಿ, ಎಂಬ ಮಾತು ನಾಲಗೆಯ ತುದಿಯವರೆಗೆ ಬಂದದ್ದನ್ನು ನಾನು ನುಂಗಿಕೊಂಡೆ. ಇದು ಬರುವ ಗುರುವಾರ ಬೆಳಿಗ್ಗೆ ನಡೆಯಲಿದೆ. ನನಗೇನೂ ಹೆದರಿಕೆಯಿಲ್ಲ. ಆದರೂ ಇಂಥ ಕೆಲಸಕ್ಕೆ ಹೊರಡುವ ಮನುಷ್ಯ ಬಾಕಿಯಿರುವ ಜಗಳಗಳನ್ನೆಲ್ಲ ಮುಗಿಸಿಯೇ ಹೊರಡುವುದು ಲೇಸು, ಮತ್ತು ನನಗೆ ಬಾಕಿಯಿರುವುದು ತಮ್ಮೊಂದಿಗಿನ ಈ ಒಂದೇ ಜಗಳ.

ಮೊದಲಿಗೆ ಐದು ತಟ್ಟೆಗಳ ಆ ಕಾದಂಬರಿಯ ವಿಷಯ. ಒಂದು ಮನೆ, ಗಂಡ, ಇಬ್ಬರು ಮಕ್ಕಳು, ಮುದುಕ ಮಾವ, ಮತ್ತು ದಿನವೂ ಊಟದ ಮೇಜಿಗೆ ಐದು ತಟ್ಟೆ ಇಡುವ ಗೃಹಿಣಿ. ಇರುವ ನಾಲ್ವರಿಗೆ ಐದು ತಟ್ಟೆ ಯಾಕೆ ಎಂದು ಆಕೆಗೇ ಗೊತ್ತಿಲ್ಲ. ಎಷ್ಟು ಸಲ ಎಣಿಸಿದರೂ ತಲೆ ನಾಲ್ಕೇ, ಆದರೆ ಊಟವಾದ ಮೇಲೆ ಐದನೆಯ ತಟ್ಟೆಯೂ ಎಂಜಲಾಗಿರುತ್ತದೆ. ಇದಪ್ಪ ಕಥೆ ಎಂದು ನಾನು ಎಣ್ಣೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕಾಲು ಚಾಚಿ ಕೂತದ್ದೇ ತಡ, ಹದಿನಾಲ್ಕನೆಯ ಪುಟದ ಅಂಚಿನಲ್ಲಿ ತಮ್ಮ ನೀಲಿ ಅಕ್ಷರ ಪ್ರತ್ಯಕ್ಷವಾಯಿತು: ‘ಗಾಬರಿ ಬೀಳ್ಬೇಡಿ. ಐದನೇ ತಟ್ಟೆ ಅವಳದೇ. ತನ್ನನ್ನ ತಾನು ಎಣಿಸ್ಕೊಳ್ಳೋದು ಮರ್ತಿದ್ದಾಳೆ, ಅಷ್ಟೇ.’ ಮುನ್ನೂರ ಹತ್ತು ಪುಟಗಳ ಆ ಪುಸ್ತಕದಲ್ಲಿ ಲೇಖಕರು ಮುನ್ನೂರ ನಾಲ್ಕನೆಯ ಪುಟದವರೆಗೆ ಬೆವರು ಸುರಿಸಿ ಮುಚ್ಚಿಟ್ಟದ್ದನ್ನು ತಾವು ಒಂದೂವರೆ ಸಾಲಿನಲ್ಲಿ ಬಯಲು ಮಾಡಿದ ದಕ್ಷತೆಗೆ ನಾನು ತಲೆಬಾಗುತ್ತೇನೆ. ಒಂದು ವಾರ ನಡುಗಬೇಕೆಂದು ಎಣಿಸಿದ್ದವನು ಆ ವಾರವಿಡೀ ಆಕಳಿಸುತ್ತ ಓದಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತಿನ ಅರ್ಥ ನನಗೆ ಆಗ ಪೂರ್ತಿಯಾಗಿ ತಿಳಿಯಿತು.

ಅದಕ್ಕೂ ಹಿಂದೆ, ನೆರಳುಗಳ ಊರಿನ ಕಥೆಗೂ ತಾವು ಇದೇ ಉಪಕಾರ ಮಾಡಿದಿರಿ. ಎಲ್ಲರೂ ವರ್ಷಕ್ಕೊಮ್ಮೆ ತಮ್ಮ ನೆರಳನ್ನು ಬಿಚ್ಚಿ ಸರ್ವೀಸಿಗೆ ಕೊಡಬೇಕಾದ ಊರು ಅದು. ಅಲ್ಲಿ ಒಬ್ಬ ಗುಮಾಸ್ತನಿಗೆ ಬೇರೆ ಯಾರದೋ ನೆರಳು ಬದಲಾಗಿ ಬರುತ್ತದೆ, ಆ ನೆರಳು ಅವನು ಮಾಡದ ಕೆಲಸಗಳನ್ನು ಗೋಡೆಯ ಮೇಲೆ ಮಾಡತೊಡಗುತ್ತದೆ. ನಮ್ಮಂಥ ವಾರ್ಷಿಕ ನಿರ್ವಹಣೆಯ ಕಸುಬಿನವರನ್ನು ಗೌರವದಿಂದ ಕಂಡ ಇಂಥ ಕಥೆಯನ್ನು ನಾನು ಬೇರೆಲ್ಲೂ ಓದಿಲ್ಲ. ಅಲ್ಲಿ ತಾವು ಬರೆದದ್ದು: ‘ತೊಂಬತ್ತಾರನೇ ಪುಟದಲ್ಲಿ ಅವನ ನೆರಳು ವಾಪಸ್ ಸಿಗುತ್ತೆ. ಉದ್ದ ಸ್ವಲ್ಪ ಕಮ್ಮಿ ಆಗಿರುತ್ತೆ, ಆದ್ರೆ ಒಳಗೆ ಬಟ್ಟೆ ಬಿಟ್ಟಿದ್ದಾರೆ, ಬಿಚ್ಚಿ ಸರಿ ಮಾಡ್ಕೋಬಹುದು.’ ನೆರಳಿಗೆ ಒಳಗೆ ಬಟ್ಟೆ ಬಿಡುವುದು ಎಂದರೇನು ಎಂದು ನಾನು ಎರಡು ದಿನ ತಲೆ ಕೆರೆದುಕೊಂಡೆ.

ಇನ್ನು ಲಿಫ್ಟಿನ ಕಥೆ. ಕಟ್ಟಡದಲ್ಲಿಲ್ಲದ ಮಹಡಿಗೆ ಹೋಗಿ ತೆರೆದುಕೊಳ್ಳುವ ಲಿಫ್ಟು, ಅದರೊಳಗೆ ಒಬ್ಬ ಒಂಟಿ ಮನುಷ್ಯ, ಹೊರಗೆ ಉದ್ದಾನುದ್ದ ಕಾರಿಡಾರು. ಈ ಕಥೆಯ ಬಗ್ಗೆ ನನಗೆ ವೃತ್ತಿಪರ ಆಕ್ಷೇಪಣೆಗಳಿದ್ದವು, ಅವುಗಳನ್ನು ಪ್ರಕಾಶಕರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಂದು ದೆವ್ವವೂ ಲಿಫ್ಟಿನ ಗುಂಡಿ ಒತ್ತಿದ್ದನ್ನು ನಾನು ಕಂಡಿಲ್ಲ. ಯಾವುದಾದರೂ ಮಹಡಿಯಲ್ಲಿ ಯಾರೂ ಇಲ್ಲದೆ ಬಾಗಿಲು ತೆರೆದುಕೊಂಡರೆ ಅದಕ್ಕೆ ಕಾರಣ ಮೂರನೆಯ ಮಹಡಿಯವರು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಇಟ್ಟು ಮಂಚ ಸಾಗಿಸಿದ್ದೇ ಆಗಿರುತ್ತದೆ. ಅಷ್ಟಾದರೂ ಓದುವಾಗ ನನ್ನ ಎದೆ ಝಲ್ಲೆಂದಿತ್ತು, ಮತ್ತು ಆ ಝಲ್ಲನ್ನು ನಾನು ಜೋಪಾನವಾಗಿ ಮುಂದಿನ ಪುಟಕ್ಕೆ ಒಯ್ಯುತ್ತಿದ್ದೆ. ಅಲ್ಲಿ ತಮ್ಮ ಷರಾ: ‘ರಿಪೇರಿಯವನು ಬಂದು ಬಿಡಿಸ್ತಾನೆ. ಒಳ್ಳೆಯವನು, ಸ್ವಲ್ಪ ಬಾಯಿ ಜಾಸ್ತಿ.’ ನಮ್ಮ ಕಸುಬಿನವರ ಬಗ್ಗೆ ತಮಗೆ ಇಷ್ಟು ಸೂಕ್ಷ್ಮವಾದ ತಿಳಿವಳಿಕೆ ಎಲ್ಲಿಂದ ಬಂತೋ ನಾನರಿಯೆ.

ಹೆದರಿಕೆಯನ್ನು ಹುಡುಕಿಕೊಂಡು ಹೋಗಿ ಓದುವ ನನ್ನಂಥವನಿಗೆ ತಮ್ಮ ಸಮಾಧಾನದಿಂದ ಆಗುವ ನಷ್ಟವನ್ನು ವಿವರಿಸಲು ಒಂದು ಕಸುಬಿನ ಗುಟ್ಟನ್ನು ಹೇಳಬೇಕಾಗುತ್ತದೆ. ಲಿಫ್ಟಿನ ಬ್ರೇಕು ವಿದ್ಯುತ್ತಿನಿಂದ ಹಿಡಿದುಕೊಳ್ಳುವುದಿಲ್ಲ. ಅದು ಸ್ಪ್ರಿಂಗಿನ ಬಲದಿಂದ ಸದಾ ಹಿಡಿದುಕೊಂಡೇ ಇರುತ್ತದೆ. ವಿದ್ಯುತ್ತು ಬಂದಾಗ ಮಾತ್ರ ಬಿಡುತ್ತದೆ, ಹೋದ ತಕ್ಷಣ ಮತ್ತೆ ಗಬಕ್ಕನೆ ಹಿಡಿಯುತ್ತದೆ. ನನ್ನ ಪಾಲಿಗೆ ಒಳ್ಳೆಯ ಭಯಾನಕ ಕಥೆ ಆ ಬ್ರೇಕಿನ ಪರೀಕ್ಷೆ. ಎದೆಯನ್ನು ಒಂದು ಗಳಿಗೆ ಬಿಟ್ಟು, ಅದು ಬೀಳುವಂತೆ ಮಾಡಿ, ಹಿಡಿಯುತ್ತದೋ ಇಲ್ಲವೋ ನೋಡುವುದು. ಹಿಡಿಯುತ್ತದೆ. ಪುಸ್ತಕ ಮುಚ್ಚಿ ಊಟದ ಡಬ್ಬಿ ತೊಳೆದು ಕೆಳಗಿಳಿದು ಬಂದರೆ ಬೀದಿಯಲ್ಲಿ ಬಸ್ಸು ಓಡುತ್ತಿರುತ್ತದೆ, ಹಾಲಿನವನು ಯಾರೊಂದಿಗೋ ಜಗಳವಾಡುತ್ತಿರುತ್ತಾನೆ, ಬ್ರೇಕು ಕೆಲಸ ಮಾಡುತ್ತಿದೆ ಎಂದು ಮನಸ್ಸು ಹಗುರಾಗುತ್ತದೆ. ತಾವು ಅಂಚಿನಲ್ಲಿ ಬರೆದುಬಿಟ್ಟರೆ ಲಿಫ್ಟು ಅಲುಗುವುದೇ ಇಲ್ಲ, ಪರೀಕ್ಷೆಯಾಗುವುದಾದರೂ ಹೇಗೆ?

ದೆವ್ವದ ಕಥೆಗಳನ್ನು ಬೇಕಾದರೆ ಹಾಳು ಮಾಡಿಕೊಳ್ಳಿ, ಮನಸ್ಸಿನ ಕಥೆಗಳನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ದೆವ್ವಕ್ಕೆ ನಾನು ಅಂಜುವವನಲ್ಲ, ಆದರೆ ತಾನು ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನಪಡುವ ಮನುಷ್ಯನ ಕಥೆಗೆ ಅಂಜುತ್ತೇನೆ. ಅಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ, ಒಬ್ಬ ಗೃಹಸ್ಥ ತನ್ನ ಬೀಗದ ಕೈ ತಿರುಗಿಸಿದ್ದನ್ನು ತಾನೇ ನಂಬದಂತಾಗುತ್ತಾನೆ, ಅಷ್ಟೇ. ಅಂಥದೊಂದನ್ನು ಓದಿದ ದಿನ ಒಂಬತ್ತು ಮಹಡಿ ಇಳಿದು ಬಂದವನು ಮೋಟಾರು ಕೋಣೆಯ ಬಾಗಿಲು ನೋಡಲು ಎರಡು ಸಲ ಮೇಲೆ ಹೋದೆ, ಅದೂ ಮೆಟ್ಟಿಲಿನಿಂದ. ಮನೆಗೆ ತಡವಾಗಿ ಬಂದದ್ದಕ್ಕೆ ಕೆಲಸ ಜಾಸ್ತಿ ಇತ್ತು ಎಂದು ಹೇಳಿದೆ. ನನ್ನ ಹೆಂಡತಿ ಹೂಂ ಎಂದಳು. ಇತ್ತೀಚೆಗೆ ಬಾಗಿಲ ಚಿಲಕವನ್ನು ನಾಲ್ಕು ಸಲ ನೋಡುತ್ತೀರಿ, ಹೊದಿಕೆಯಿಂದ ಹೊರಗಿದ್ದ ಕಾಲನ್ನು ಒಳಗೆಳೆದುಕೊಳ್ಳುತ್ತೀರಿ ಎಂದು ಅವಳು ಆಪಾದಿಸುವುದುಂಟು. ಅದು ಚಳಿಗೆ.

ತಮ್ಮನ್ನು ಪತ್ತೆಹಚ್ಚಲು ನಾನು ಪಟ್ಟ ಪಾಡನ್ನೂ ತಮ್ಮ ಗಮನಕ್ಕೆ ತರಬೇಕು. ಸದ್ದು ಕೇಳಿಯೇ ಯಾವ ರಾಟೆಯ ಯಾವ ಬೇರಿಂಗು ಸವೆದಿದೆ ಎಂದು ಹೇಳಬಲ್ಲವನೆಂಬ ಹೆಸರು ನನಗಿದೆ. ಆ ಹೆಸರಿನ ಮೇಲೆ ಭಾರ ಹಾಕಿ, ಮೊದಲು ಔಷಧಿ ಅಂಗಡಿಯವರ ಮೇಲೆ ಅನುಮಾನಪಟ್ಟೆ, ಏಕೆಂದರೆ ಜನರಿಗೆ ಗಾಬರಿ ಬೀಳಬೇಡಿ ಎಂದು ಹೇಳುವುದು ಅವರ ಅಭ್ಯಾಸ; ಆದರೆ ಅವರ ಅಕ್ಷರವನ್ನು ಅವರೇ ಓದಲಾರರು. ನಿವೃತ್ತ ಮೇಷ್ಟರೊಬ್ಬರನ್ನು ಹಿಂಬಾಲಿಸಿದೆ. ಅವರು ಓದುವುದು ಅಡುಗೆ ಪುಸ್ತಕವೆಂದು ತಿಳಿದು ಇಬ್ಬರಿಗೂ ನಾಚಿಕೆಯಾಯಿತು. ನನ್ನ ಹೆಂಡತಿ ದರ್ಜಿ, ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ, ಬಟ್ಟೆಯ ಮೇಲೆ ಗುರುತು ಹಾಕುವ ಪೆನ್ಸಿಲುಗಳು ಅವಳ ಬಳಿ ಹತ್ತಾರಿವೆ. ಆದ್ದರಿಂದ ತಜ್ಞರ ಅಭಿಪ್ರಾಯಕ್ಕಾಗಿ ತಮ್ಮ ಬರಹವನ್ನು ಅವಳಿಗೂ ತೋರಿಸಿದೆ. ಅವಳು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ, ‘ಪೆನ್ಸಿಲ್ ಒಳ್ಳೇದೇ, ಸುಲಭವಾಗಿ ಅಳಿಸಿಹೋಗಲ್ಲ’ ಎಂದು ಹೇಳಿ ಕಾಜಾ ಹೊಲಿಯಲು ಕೂತಳು. ಗ್ರಂಥಪಾಲಕಿಯವರನ್ನು ಕೇಳಿದರೆ, ‘ಮನೇಲೇ ಒಂದ್ಸಲ ವಿಚಾರಿಸಿ ನೋಡಿ’ ಎಂದರು. ವಿಚಾರಿಸಿ ಆಗಿದೆ, ಪೆನ್ಸಿಲ್ ಒಳ್ಳೆಯದಂತೆ ಎಂದು ನಾನು ತಿಳಿಸಿದೆ. ಅವರು ಕೆಮ್ಮು ಬಂದವರಂತೆ ಒಳಗೆ ಎದ್ದು ಹೋದರು.

ಶನಿವಾರವೂ ನನಗೆ ಕೆಲಸವಿರುವುದರಿಂದ ಪುಸ್ತಕ ತರುವವಳು ನನ್ನ ಹೆಂಡತಿಯೇ. ತಂದ ಪುಸ್ತಕ ನೇರವಾಗಿ ನನ್ನ ಕೈಗೆ ಬರುವುದಿಲ್ಲ. ರಕ್ಷಾಪುಟದ ಮೇಲಿನ ತಲೆಬುರುಡೆ, ಒಡೆದ ಗೊಂಬೆ, ಕಣ್ಣಿಲ್ಲದ ಹೆಂಗಸು ಇವುಗಳನ್ನೆಲ್ಲ ಮನೆಯಲ್ಲಿ ತೆರೆದಿಡಲು ಅವಳಿಗಾಗದು. ಹಾಗಾಗಿ ಉಳಿದ ಬಟ್ಟೆಯ ತುಂಡಿನಿಂದ ಪ್ರತಿಯೊಂದಕ್ಕೂ ಅಳತೆ ತೆಗೆದು ಹೊದಿಕೆ ಹೊಲಿದು, ಸೋಮವಾರ ಬೆಳಿಗ್ಗೆ ನನ್ನ ಚೀಲಕ್ಕೆ ಹಾಕುತ್ತಾಳೆ. ಹೀಗಾಗಿ ನಾನು ಓದಿದ ಅತ್ಯಂತ ಘೋರವಾದ ಪುಸ್ತಕಗಳೆಲ್ಲ ಹೂವಿನ ಫ್ರಾಕು ತೊಟ್ಟಿದ್ದವು. ನನ್ನ ಜೊತೆಗಾರ, ನಾವೆಲ್ಲ ಎಣ್ಣೆಡಬ್ಬಿ ಎಂದು ಕರೆಯುವವನು, ನಾನು ಮಕ್ಕಳ ಪದ್ಯ ಓದುತ್ತೇನೆಂದು ಇಂದಿಗೂ ನಂಬಿದ್ದಾನೆ. ಇದನ್ನು ಯಾಕೆ ಹೇಳಿದೆನೆಂದರೆ, ಅಷ್ಟು ಹೆದರುವ ಹೆಂಗಸಿನ ಗಂಡ ಮನೆಯಲ್ಲಿ ಧೈರ್ಯವಾಗಿ ಇರಬೇಕಾಗುತ್ತದೆ, ಆ ಧೈರ್ಯದ ಕಷ್ಟ ತಮಗೆ ತಿಳಿಯಲಿ ಎಂದು.

ಇಷ್ಟನ್ನೆಲ್ಲ ನಾನು ಕ್ಷಮಿಸಬಹುದಿತ್ತು. ಆದರೆ ನಾಯಿಯ ವಿಷಯವನ್ನು ಕ್ಷಮಿಸಲಾರೆ.

ಮುಚ್ಚಿಹೋದ ಕಾರ್ಖಾನೆ, ಒಬ್ಬ ಕಾವಲುಗಾರ, ಅವನ ಮೂರು ಕಾಲಿನ ನಾಯಿ. ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಆ ನಾಯಿ ಕುಂಟುತ್ತ ಗೇಟಿಗೆ ಹೋಗುತ್ತದೆ. ಯಾರೂ ಇಲ್ಲದ ದಾರಿಯಲ್ಲಿ ಬರುತ್ತಿರುವ ಯಾರನ್ನೋ ನೋಡಿ ಬಾಲ ಅಲ್ಲಾಡಿಸುತ್ತದೆ, ಒಬ್ಬೊಬ್ಬರ ಕೈಯನ್ನೂ ಮೂಸುತ್ತದೆ, ದಿನದಿಂದ ದಿನಕ್ಕೆ ಅದು ಮೂಸುವ ಕೈಗಳು ಹೆಚ್ಚಾಗುತ್ತವೆ. ಹೆದರಿಕೆಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಬರುವ ನಾಯಿಯನ್ನು ಹಚ್ಚಿಕೊಳ್ಳಬಾರದು ಎಂಬುದು ನಮ್ಮಂಥ ಹಳೆಯ ಓದುಗರಿಗೆ ಗೊತ್ತಿರುವ ವಿಷಯ. ಅದಕ್ಕೆ ದೂರದಿಂದಲೇ ಒಂದು ಬಿಸ್ಕತ್ತು ಎಸೆದು ಸುಮ್ಮನಿರಬೇಕು. ನಾನೂ ಹಾಗೇ ಇರುತ್ತಿದ್ದೆ. ಆದರೆ ಒಂಬತ್ತನೆಯ ಪುಟದಲ್ಲಿ ತಾವು ಬರೆದಿದ್ದಿರಿ: ‘ನಾಯಿ ಸಾಯಲ್ಲ. ಧೈರ್ಯವಾಗಿ ಓದಿ.’ ಅಲ್ಲಿಯವರೆಗೆ ತಾವು ಬರೆದ ಮೂವತ್ತೊಂದು ಟಿಪ್ಪಣಿಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ, ನನ್ನ ಸರ್ವೀಸ್ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. ತಮ್ಮ ಮಾತನ್ನು ನಂಬಿ ಆ ಕುಂಟನನ್ನು ನಾನು ಮನಸಾರೆ ಹಚ್ಚಿಕೊಂಡೆ. ಅದಕ್ಕೊಂದು ಹೆಸರನ್ನೂ ಇಟ್ಟೆ, ಅದನ್ನು ಇಲ್ಲಿ ಬರೆಯಲಾರೆ. ಇನ್ನೂರ ಏಳನೆಯ ಪುಟದಲ್ಲಿ ಗೇಟು ತಾನಾಗಿ ತೆರೆದುಕೊಂಡಿತು. ಇನ್ನೂರ ಒಂಬತ್ತರಲ್ಲಿ ನಾಯಿ ಗೇಟಿನ ಪಕ್ಕ ಉಸಿರಿಲ್ಲದೆ ಮಲಗಿತ್ತು, ಬಾಲದ ಕೆಳಗಿನ ಮಣ್ಣು ಗುಡಿಸಿದಂತಿತ್ತು. ಕೆಳಗೆ ಇಳಿದು ಬಂದ ನನ್ನನ್ನು ನೋಡಿ ಎಣ್ಣೆಡಬ್ಬಿ ಏನಾಯ್ತು ಎಂದ. ಕಣ್ಣಿಗೆ ಗ್ರೀಸು ಬಿತ್ತು ಎಂದೆ. ಎರಡೂ ಕಣ್ಣಿಗಾ ಎಂದು ಕೇಳುವಷ್ಟು ಬುದ್ಧಿ ಪುಣ್ಯಕ್ಕೆ ಅವನಿಗಿಲ್ಲ.

ಮೂವತ್ತೆರಡರಲ್ಲಿ ಒಂದು ಸಲ ಹಿಡಿಯದ ಬ್ರೇಕನ್ನು ನಾವು ಕಳಚಿ ಗುಜರಿಗೆ ಹಾಕುತ್ತೇವೆ. ತಾವು ಮನುಷ್ಯರಾದ್ದರಿಂದ ಹಾಗೆ ಮಾಡಲು ಬಾರದು. ಬದಲಿಗೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಒಂದೋ ತಾವು ಆ ಲೇಖಕರನ್ನು ಕಂಡು ಇನ್ನೂರ ಏಳನೆಯ ಪುಟದಿಂದ ಮುಂದೆ ಬೇರೆ ಕಥೆ ಬರೆಸಿ ಎಲ್ಲ ಗ್ರಂಥಾಲಯಗಳಿಗೂ ಹಂಚಬೇಕು. ಇಲ್ಲವೇ ನನ್ನ ಮನೆಗೆ ಬಂದು, ನನ್ನೆದುರು ಕೂತು, ಹಾಗೆ ಬರೆದದ್ದು ಯಾಕೆಂದು ಹೇಳಬೇಕು. ಅಂಚಿನಲ್ಲಿ ಬರೆಯುವವರು ನಿಜ ಬರೆಯಬೇಕು, ನಿಜ ಗೊತ್ತಿಲ್ಲದಿದ್ದರೆ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಸುಮ್ಮನಿರಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನಲ್ಲ ನಾನು.

ಭಾನುವಾರ ಇಲ್ಲಿಯವರೆಗೆ ಬರೆದು, ಸಹಿ ಹಾಕುವ ಮುಂಚೆ ಊಟಕ್ಕೆ ಎದ್ದವನು ಪತ್ರವನ್ನು ಚೀಲಕ್ಕೆ ಹಾಕಿ ಮರೆತೆ. ಈಗ ಬುಧವಾರ ಮಧ್ಯಾಹ್ನ, ಆಸ್ಪತ್ರೆಯ ಎರಡನೆಯ ಮಹಡಿಯ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಕೂತು ಮುಂದುವರಿಸುತ್ತಿದ್ದೇನೆ. ಇಲ್ಲಿಯ ಲಿಫ್ಟಿನ ನಿರ್ವಹಣೆ ನಮ್ಮದೇ ಕಂಪನಿಯದು. ಎರಡು ಮತ್ತು ಮೂರನೆಯ ಮಹಡಿಯ ನಡುವೆ ಅದು ಒಂದು ಸಲ ನರಳುತ್ತದೆ, ಆ ನರಳಾಟವನ್ನು ಸರಿಮಾಡುತ್ತೇನೆಂದು ನಾನು ಆರು ತಿಂಗಳಿಂದ ಹೇಳುತ್ತಲೇ ಬಂದಿದ್ದೇನೆ. ಆಪರೇಷನ್ ಕೋಣೆ ಇರುವುದು ಮೂರನೆಯ ಮಹಡಿಯಲ್ಲಿ. ನಾಳೆ ಬೆಳಿಗ್ಗೆ ನನ್ನನ್ನು ಮಲಗಿಸಿಕೊಂಡು ಒಯ್ಯುವುದು ಆ ಲಿಫ್ಟಿನಲ್ಲೇ. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ ಇರಬೇಕು.

ಇಂದು ಬೆಳಿಗ್ಗೆ ನನ್ನ ಕೈಗೆ ಒಂದು ಹೊಸ ಪುಸ್ತಕ ಬಂತು. ಒಪ್ಪಿಗೆ ಪತ್ರ ಎಂದು ಅದರ ಹೆಸರು, ನಾಲ್ಕೇ ಪುಟ, ಲೇಖಕರ ಹೆಸರಿಲ್ಲ. ಇಷ್ಟು ವರ್ಷ ಓದಿದ ಭಯಾನಕ ಸಾಹಿತ್ಯವೆಲ್ಲ ಅದರ ಮುಂದೆ ಸಪ್ಪೆ. ಕತ್ತಲೆಯಿಲ್ಲ, ಗಾಳಿಯಿಲ್ಲ, ಕಿರುಗುಟ್ಟುವ ಬಾಗಿಲಿಲ್ಲ. ಏನೇನು ಆಗಬಹುದು ಎಂದು ಹನ್ನೊಂದು ಸಾಲು, ಪ್ರತಿ ಸಾಲಿನ ಕೊನೆಗೆ ‘ಅಪರೂಪಕ್ಕೆ’ ಎಂಬ ಒಂದೇ ಮಾತು. ಹೃದಯ ಮತ್ತೆ ಚಾಲೂ ಆಗದಿರುವುದು ಎಂಟನೆಯದು. ‘ಅಪರೂಪಕ್ಕೆ’ ಎಂಬ ಪದದೊಳಗೆ ಎಷ್ಟು ಜಾಗವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಇಡೀ ಮನುಷ್ಯನೊಬ್ಬ ಅದರಲ್ಲಿ ಮಲಗಬಹುದು. ಇಷ್ಟು ದಿನ ಬರೆದದ್ದು, ಹೇಳಿದ್ದು, ಚಳಿಗೆ ಕಾಲು ಎಳೆದುಕೊಂಡದ್ದು ಎಲ್ಲವೂ ಇರಲಿ, ಮಾನ್ಯರೇ, ನನಗೆ ಹೆದರಿಕೆಯಾಯಿತು. ಈ ಪುಸ್ತಕವನ್ನು ಮುಚ್ಚಿಟ್ಟು ಕೆಳಗಿಳಿದು ಬೀದಿಗೆ ಹೋಗಲು ಬರುವುದಿಲ್ಲ ಎಂದು ತಿಳಿದು ಬಹಳ ಹೆದರಿಕೆಯಾಯಿತು.

ಆಗ ಆ ಎಂಟನೆಯ ಸಾಲಿನ ಪಕ್ಕ, ಅಂಚಿನಲ್ಲಿ, ನೀಲಿ ಅಕ್ಷರ ಕಂಡಿತು. ‘ಹೆದರ್ಬೇಡಿ. ಕೊನೇಲಿ ಮನೆಗೆ ಬರ್ತಾರೆ.’

ತಾವು ಆಸ್ಪತ್ರೆಯ ದಾಖಲೆಗಳವರೆಗೂ ಕೈಚಾಚಿರುವುದನ್ನು ಕಂಡು ನಾನು ಬೆರಗಾದೆ. ಈ ಒಪ್ಪಿಗೆ ಪತ್ರವಿರುವ ಫೈಲು ನಿನ್ನೆ ಸಂಜೆ ನಮ್ಮ ಮನೆಯಲ್ಲಿತ್ತು. ಮೂಲೆ ಹರಿದಿದೆ, ಒಂದು ಕವರು ಹಾಕಿಕೊಡುತ್ತೇನೆ ಎಂದು ನನ್ನ ಹೆಂಡತಿ ಇಸಿದುಕೊಂಡಿದ್ದಳು; ಇಂದು ಬೆಳಿಗ್ಗೆ ಅದು ಹಳದಿ ಹೂವಿನ ಫ್ರಾಕು ತೊಟ್ಟು ವಾರ್ಡಿಗೆ ಬಂದಿತ್ತು, ನರ್ಸಮ್ಮ ಅದನ್ನು ಯಾವ ರೋಗಿಯ ಮಗುವಿನದು ಎಂದು ವಿಚಾರಿಸಿದ್ದರು. ನಾನು ಹೂವನ್ನು ನೋಡಿದೆ, ನೀಲಿ ಅಕ್ಷರ ನೋಡಿದೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದ ನನ್ನ ಹೆಂಡತಿಯನ್ನು ನೋಡಿದೆ. ಅವಳ ಕಿವಿಯ ಹಿಂದೆ ಎಂದಿನಂತೆ ಪೆನ್ಸಿಲ್ ಇತ್ತು. ಬೇರಿಂಗಿನ ಸದ್ದು ಕೇಳಿ ರೋಗ ಹೇಳುವ ಮಹಾನುಭಾವನಿಗೆ ದೀಪದ ಬುಡದ ಕತ್ತಲೆ ಕಂಡದ್ದು ಆಗ. ಇಷ್ಟಾದರೂ ತಾವು ಯಾರೆಂದು ನನಗೆ ತಿಳಿದಿಲ್ಲ ಎಂದೇ ಇಟ್ಟುಕೊಳ್ಳೋಣ, ಏಕೆಂದರೆ ಜಗಳ ಇನ್ನೂ ಬಾಕಿಯಿದೆ.

ಕಾಯಿದೆಯ ಕಾಗದದ ಮೇಲೆ ಹೀಗೆ ಗೀಚಿದವರು ಯಾರು ಎಂದು ನರ್ಸಮ್ಮ ಕೇಳಿದರು. ಗ್ರಂಥಾಲಯದ ಕಡೆಯವರು ಎಂದೆ. ಅವರು ರಬ್ಬರು ತರಲು ಹೋದಾಗ ನಾನು ಆ ಪುಟಕ್ಕೆ ಸಹಿ ಹಾಕಿದೆ. ‘ಯಾರಿಗೆ ಬರೀತಿದ್ದೀರಿ?’ ಎಂದು ನನ್ನ ಹೆಂಡತಿ ಈಗ ತಾನೇ ಕೇಳಿದಳು. ಪುಸ್ತಕದ ಅಂಚಿನಲ್ಲಿ ಬರೆಯುವವರ ಮೇಲೆ ದೂರು ಎಂದೆ. ‘ಇಂಥ ಹೊತ್ತಲ್ಲೂನಾ?’ ಎಂದು ಕೇಳಿ, ಸೂಜಿಯಲ್ಲಿ ದಾರ ಇದ್ದರೂ ಮತ್ತೆ ಪೋಣಿಸಲು ನೋಡಿದಳು. ಅವಳೂ ತನ್ನನ್ನು ಎಣಿಸಿಕೊಳ್ಳಲು ಮರೆತಿದ್ದಾಳೆ, ಬೆಳಗಿನಿಂದ ಒಂದು ಲೋಟ ಚಹಾ ಬಿಟ್ಟು ಏನನ್ನೂ ಮುಟ್ಟಿಲ್ಲ.

ಆದಕಾರಣ ನನ್ನ ದೂರನ್ನು ತಿದ್ದಿ ಸಲ್ಲಿಸುತ್ತಿದ್ದೇನೆ. ತಾವು ಬರೆಯುವುದನ್ನು ನಿಲ್ಲಿಸಬೇಡಿ. ನಾಳೆ ನನ್ನನ್ನು ಒಯ್ಯುವ ಲಿಫ್ಟಿನ ಒಳಛಾವಣಿಯ ಮೇಲೆ, ಮಲಗಿದವನಿಗೆ ಕಾಣುವ ಹಾಗೆ, ಎರಡು ಸಾಲು ಬರೆಯಿರಿ. ಅರಿವಳಿಕೆ ಕೊಡುವವರ ಮುಖಗವಸಿನ ಮೇಲೆ ಒಂದು ಸಾಲು. ಸಾಧ್ಯವಾದರೆ ವೈದ್ಯರ ಅಂಗೈ ಮೇಲೆ ಮುಂದೇನು ಮಾಡಬೇಕೆಂಬುದನ್ನೂ ಬರೆದುಬಿಡಿ. ಶುಕ್ರವಾರದ ದಿನಪತ್ರಿಕೆಯನ್ನು ಇಂದೇ ತರಿಸಿ ಅಂಚಿನಲ್ಲಿ ಗುರುತು ಹಾಕಿ ಕಳಿಸಿದರೆ ಇನ್ನೂ ಉಪಕಾರವಾದೀತು. ಎಂಟನೆಯ ಸಾಲಿನ ಪಕ್ಕ ತಾವು ಬರೆದದ್ದು ಮೂವತ್ತೊಂದು ಟಿಪ್ಪಣಿಗಳ ಸಾಲಿಗೆ ಸೇರಿದ್ದೋ ನಾಯಿಯ ಸಾಲಿಗೆ ಸೇರಿದ್ದೋ ಎಂದು ನಾನು ಇಂದು ಕೇಳುವುದಿಲ್ಲ. ಅದು ಸುಳ್ಳಾದ ಪಕ್ಷದಲ್ಲಿ ಮಾತ್ರ ನಾನು ಖುದ್ದಾಗಿ ಬಂದು ತಮ್ಮ ಹೊಲಿಗೆ ಯಂತ್ರದ ಮೇಲೆ ಕೂತು, ಪ್ರತಿ ಸಂಜೆ ತಮಗೆ ಕೇಳಿಸುವಂತೆ ಆಕ್ಷೇಪಣೆ ಸಲ್ಲಿಸುತ್ತಿರುತ್ತೇನೆ ಎಂದು ಈ ಮೂಲಕ ಎಚ್ಚರಿಸುತ್ತೇನೆ. ಹೊಲಿಗೆ ಯಂತ್ರ ಎಂದು ಬರೆದದ್ದು ಕೈತಪ್ಪಿನಿಂದ. ತಮ್ಮ ಬಳಿ ಅದಿದೆಯೆಂದು ನನಗೆ ಹೇಗೆ ಗೊತ್ತಿರಬೇಕು?

ಕೆಳಗಿನ ಮಹಡಿಯಲ್ಲಿ ಕಾದಿರಬೇಕಾಗಿ ಕೋರುವ,

ತಮ್ಮ ವಿಶ್ವಾಸಿ,
ಲಿಫ್ಟ್ ರಿಪೇರಿಯವನು

ತಾ.ಕ.: ಮೇಲಿನದನ್ನು ಬರೆದು ಐದು ವಾರಗಳಾದವು. ಈ ಷರಾವನ್ನು ನಾನು ಗ್ರಂಥಾಲಯದ ಮೇಜಿನಲ್ಲೇ, ನಾನಾಗಿಯೇ ನಡೆದು ಬಂದು, ಬರೆಯುತ್ತಿದ್ದೇನೆ. ಆ ಗುರುವಾರ ಲಿಫ್ಟು ಎರಡು ಮತ್ತು ಮೂರರ ನಡುವೆ ನರಳಲಿಲ್ಲ. ಎಣ್ಣೆಡಬ್ಬಿ ಹಿಂದಿನ ದಿನವೇ ಯಾರಿಗೂ ಹೇಳದೆ ಬಂದು ಸರಿಮಾಡಿ ಹೋಗಿದ್ದನಂತೆ, ಆ ಮೌನಕ್ಕೆ ನಾನು ಹೆದರಿದಷ್ಟು ಯಾವ ಸದ್ದಿಗೂ ಹೆದರಿಲ್ಲ. ನನ್ನ ಎದೆಯ ಹೊಲಿಗೆಯನ್ನು ನನ್ನ ಹೆಂಡತಿ ಬೆಳಕಿಗೆ ಹಿಡಿದು ಪರೀಕ್ಷಿಸಿ, ದಾರ ಒಳ್ಳೆಯದು, ಕೈ ಮಾತ್ರ ಸ್ವಲ್ಪ ಡೊಂಕು ಎಂದು ವೈದ್ಯರ ಎದುರಿಗೇ ತೀರ್ಪು ಕೊಟ್ಟಳು. ತಮ್ಮ ಪರಿಚಯ ಅವಳಿಗೆ ಚೆನ್ನಾಗಿಯೇ ಇದ್ದಂತಿರುವುದರಿಂದ, ನಾಯಿಯ ವಿಷಯದಲ್ಲಿ ತಮ್ಮ ವಿವರಣೆಯನ್ನೂ ಅವಳಿಂದಲೇ ಕೇಳಿ ಪಡೆದೆ. ನಾಯಿ ಗೇಟಿನ ಹತ್ತಿರ ಹೋಗಿ ಕೂತ ಪುಟಕ್ಕೇ ತಾವು ಪುಸ್ತಕ ಮುಚ್ಚಿಟ್ಟಿರಂತೆ, ಮುಂದೆ ಓದಲು ಕೈಲಾಗಲಿಲ್ಲವಂತೆ. ಹಾಗಾದರೆ ಸಾಯಲ್ಲ ಅಂತ ಬರೆದದ್ದು ಹೇಗೆ ಎಂದೆ. ‘ಸಾಯ್ಬಾರ್ದು ಅಂತ ಬರೆದಿದ್ದು’ ಎಂದಳು. ಮತ್ತೆ ಆಸ್ಪತ್ರೆಯ ಫೈಲಿನಲ್ಲಿ ಬರೆದದ್ದು? ಅವಳು ದಾರವನ್ನು ಹಲ್ಲಲ್ಲಿ ಕಡಿದು, ‘ಅದೂ ಹಾಗೇ’ ಎಂದು ಮುಖ ತಿರುಗಿಸಿದಳು. ಕೊನೆಯ ಪುಟ ಓದದೆ ಷರಾ ಬರೆಯುವ ತಮ್ಮ ಈ ದುರಭ್ಯಾಸವನ್ನು ನಾನು ಇಂದಿಗೂ ಕಟುವಾಗಿ ಖಂಡಿಸುತ್ತೇನೆ. ಗ್ರಂಥಪಾಲಕಿಯವರು ಇಂದು ಆ ನಾಯಿಯ ಪುಸ್ತಕವನ್ನೂ ಒಂದು ರಬ್ಬರನ್ನೂ ನನ್ನ ಮುಂದಿಟ್ಟು, ಅಳಿಸುವ ಹಕ್ಕು ನಿಮಗೇ ಇರಲಿ ಎಂದರು. ಮುಂದಿನ ಓದುಗರು ಯಾರಾದರೂ ದೂರು ಬರೆಯುವುದಾದರೆ ದಯವಿಟ್ಟು ನಮ್ಮಿಬ್ಬರ ಹೆಸರಿಗೂ ಸೇರಿಸಿ ಬರೆಯಬೇಕು, ಏಕೆಂದರೆ ಒಂಬತ್ತನೆಯ ಪುಟದಲ್ಲಿ ತಮ್ಮ ನೀಲಿ ಸಾಲಿನ ಕೆಳಗೆ ನನ್ನ ಕಪ್ಪು ಪೆನ್ನಿನಲ್ಲಿ ಈಗ ಹೀಗಿದೆ: ‘ನಿಜ, ಸಾಯಲ್ಲ. ನಾನು ಕೊನೆಯ ಪುಟದವರೆಗೂ ಓದಿದ್ದೇನೆ.’